ಧ್ರುವ ನಕ್ಷತ್ರ ಕಾಣದ ತಾರಸಿಯಲ್ಲಿ ಪೋಲಾರ್ ಅಲೈನ್‌ಮೆಂಟ್: ಕ್ಯಾಮೆರಾ ಇದ್ದರೆ ಸಾಕು

ಟೆಲಿಸ್ಕೋಪನ್ನೋ ಕ್ಯಾಮೆರಾವನ್ನೋ ಹೊತ್ತು ತಿರುಗುವ ಮೌಂಟಿನ ಅಕ್ಷವನ್ನು ಆಕಾಶದ ಧ್ರುವಕ್ಕೆ, ಅಂದರೆ ಇಡೀ ಆಕಾಶ ಯಾವ ಬಿಂದುವಿನ ಸುತ್ತ ತಿರುಗುವಂತೆ ಕಾಣುತ್ತದೋ ಅಲ್ಲಿಗೆ, ಗುರಿ ಮಾಡುವುದೇ ಪೋಲಾರ್ ಅಲೈನ್‌ಮೆಂಟ್. ಆಗಲೇ ಮೌಂಟ್ ನಕ್ಷತ್ರಗಳ ಜೊತೆಗೆ ಸರಿಯಾಗಿ ತಿರುಗುವುದು. ಬೆಂಗಳೂರಿನಲ್ಲಿ ಉತ್ತರಕ್ಕೆ ಮುಖ ಮಾಡಿ, ಕೈ ನೇರ ಚಾಚಿ, ಮುಷ್ಟಿಯ ಕೆಳಗಿನ ಅಂಚನ್ನು ದಿಗಂತಕ್ಕೆ ತಾಗಿಸಿ ಹಿಡಿಯಿರಿ. ಮುಷ್ಟಿಯ ಮೇಲಂಚಿನಿಂದ ಒಂದೆರಡು ಬೆರಳು ಮೇಲಕ್ಕೆ ಧ್ರುವ ನಕ್ಷತ್ರವಿದೆ. ಅದರ ಎತ್ತರ ಬರೀ 13 ಡಿಗ್ರಿ. ಊರಿನ ಅಕ್ಷಾಂಶ ಎಷ್ಟೋ ಆಕಾಶದ ಧ್ರುವದ ಎತ್ತರವೂ ಅಷ್ಟೇ. ಮೈಸೂರಿನಲ್ಲಿ 12.3, ಹುಬ್ಬಳ್ಳಿಯಲ್ಲಿ 15.4, ಕಲಬುರಗಿಯಲ್ಲಿ 17.3, ಬೀದರಿನಲ್ಲಿ 17.9 ಡಿಗ್ರಿ. ಇಷ್ಟು ತಗ್ಗಿನಲ್ಲಿ ತೆಂಗಿನ ಮರ, ಪಕ್ಕದ ಮನೆಯ ನೀರಿನ ಟ್ಯಾಂಕು, ದೂಳು, ಮಬ್ಬು ಎಲ್ಲವೂ ಅಡ್ಡ ಬರುತ್ತವೆ. ಕತ್ತಲು ಹುಡುಕಿಕೊಂಡು ಬೆಂಗಳೂರಿನಿಂದ ಕನಕಪುರದ ಕಡೆಗೆ ಹೋದವರಿಗೆ ದಕ್ಷಿಣದ ಆಕಾಶ ಚೆನ್ನಾಗಿ ಸಿಗುತ್ತದೆ, ಆದರೆ ಉತ್ತರದಲ್ಲಿ ಇಡೀ ನಗರದ ಬೆಳಕು ಎದ್ದು ನಿಂತಿರುತ್ತದೆ.

ಪೋಲಾರ್ ಸ್ಕೋಪಿನಲ್ಲಿ (ಮೌಂಟಿನ ಅಕ್ಷಕ್ಕೆ ಕೂರಿಸಿದ ಪುಟ್ಟ ದೂರದರ್ಶಕ) ಧ್ರುವ ನಕ್ಷತ್ರ ನೋಡಿ ಮೌಂಟ್ ಕೂರಿಸುವ ಪದ್ಧತಿ ಬೆಳೆದದ್ದು ಧ್ರುವ 40, 50 ಡಿಗ್ರಿ ಮೇಲಿರುವ ದೇಶಗಳಲ್ಲಿ. ನಮ್ಮ ಅಕ್ಷಾಂಶದಲ್ಲಿ ಅದಕ್ಕೇ ಜೋತುಬೀಳಬೇಕಿಲ್ಲ. ಆಕಾಶದ ಯಾವುದೇ ಮೂಲೆಯ ಮೂರು ಚಿತ್ರಗಳಿಂದ ಮೌಂಟಿನ ಅಕ್ಷ ಎಲ್ಲಿಗೆ ನೋಡುತ್ತಿದೆ ಎಂದು ಲೆಕ್ಕ ಹಾಕಬಹುದು. ಈ ಲೇಖನ ಮುಖ್ಯವಾಗಿ ಆ ವಿಧಾನದ ಬಗ್ಗೆ. ಲ್ಯಾಪ್‌ಟಾಪ್ ಇಲ್ಲದವರಿಗಾಗಿ ಕೊನೆಯಲ್ಲಿ ಇನ್ನೊಂದು ದಾರಿಯೂ ಇದೆ.

ಇದು ಹೇಗೆ ಸಾಧ್ಯ

ಬೀಸುವ ಕಲ್ಲಿನ ಮೇಲೆ ಸುಣ್ಣದಿಂದ ಒಂದು ಚುಕ್ಕೆ ಇಟ್ಟು, ಕಲ್ಲನ್ನು ಸ್ವಲ್ಪ ಸ್ವಲ್ಪ ತಿರುಗಿಸಿ ಆ ಚುಕ್ಕೆ ನಿಂತ ಮೂರು ಜಾಗಗಳನ್ನು ಗುರುತು ಮಾಡಿಕೊಳ್ಳಿ. ನಡುವಿನ ಗೂಟ ಕಣ್ಣಿಗೆ ಕಾಣದಿದ್ದರೂ ಅದು ಎಲ್ಲಿದೆ ಎಂದು ಆ ಮೂರು ಗುರುತುಗಳೇ ಹೇಳುತ್ತವೆ, ಏಕೆಂದರೆ ಮೂರು ಬಿಂದುಗಳ ಮೂಲಕ ಹಾಯುವ ವೃತ್ತ ಒಂದೇ. ಮೌಂಟಿನಲ್ಲೂ ಹೀಗೆಯೇ. ಅದಕ್ಕೆ ಎರಡು ಅಕ್ಷಗಳಿವೆ: ಧ್ರುವಕ್ಕೆ ಗುರಿಯಿಟ್ಟು ಪೂರ್ವ-ಪಶ್ಚಿಮಕ್ಕೆ ತಿರುಗುವುದು ಆರ್‌ಎ, ಉತ್ತರ-ದಕ್ಷಿಣಕ್ಕೆ ತಿರುಗಿಸುವುದು ಡೆಕ್. ಡೆಕ್ ಅಕ್ಷವನ್ನು ಅಲುಗಿಸದೆ ಆರ್‌ಎ ಅಕ್ಷವನ್ನು ಮಾತ್ರ ತಿರುಗಿಸಿ ಮೂರು ಚಿತ್ರ ತೆಗೆದರೆ, ಪ್ರತಿ ಚಿತ್ರದ ನಡುಬಿಂದು ಒಂದೇ ವೃತ್ತದ ಮೇಲೆ ಬೀಳುತ್ತದೆ. ಆ ವೃತ್ತದ ಕೇಂದ್ರವೇ ನಿಮ್ಮ ಆರ್‌ಎ ಅಕ್ಷ ನೋಡುತ್ತಿರುವ ಜಾಗ. ಚಿತ್ರದ ನಡುಬಿಂದು ಆಕಾಶದಲ್ಲಿ ಎಲ್ಲಿದೆ ಎಂದು ನಕ್ಷತ್ರಗಳ ವಿನ್ಯಾಸ ನೋಡಿ ಗುರುತಿಸುವ ಕೆಲಸಕ್ಕೆ ಪ್ಲೇಟ್ ಸಾಲ್ವಿಂಗ್ ಎನ್ನುತ್ತಾರೆ.

ಇದರಿಂದ ಒಂದು ದೊಡ್ಡ ಅನುಕೂಲವಿದೆ. ಕ್ಯಾಮೆರಾ ಮೌಂಟಿನ ಅಕ್ಷಕ್ಕೆ ಸಮಾನಾಂತರವಾಗಿ ಇರಲೇಬೇಕೆಂದಿಲ್ಲ. ಗೈಡ್ ಸ್ಕೋಪ್ (ಮುಖ್ಯ ಟೆಲಿಸ್ಕೋಪಿನ ಜೊತೆಗೆ ಕೂರಿಸುವ ಪುಟ್ಟ ಸಹಾಯಕ ಟೆಲಿಸ್ಕೋಪ್) ಎರಡು ಡಿಗ್ರಿ ಸೊಟ್ಟಗಿದ್ದರೂ ವೃತ್ತದ ಅಳತೆ ಬದಲಾಗುತ್ತದೆಯೇ ಹೊರತು ಕೇಂದ್ರ ಬದಲಾಗುವುದಿಲ್ಲ. ಆದರೆ ಮೂರು ಚಿತ್ರಗಳ ನಡುವೆ ಕ್ಯಾಮೆರಾ ತಾನಾಗಿ ಅಲುಗಿದರೆ ಲೆಕ್ಕವೆಲ್ಲ ಸುಳ್ಳಾಗುತ್ತದೆ.

ಎಷ್ಟು ನಿಖರವಾಗಿರಬೇಕು

ಕೆಲಸ ಶುರುಮಾಡುವ ಮೊದಲೇ ಇದನ್ನು ತೀರ್ಮಾನಿಸಿಕೊಳ್ಳಿ. ಇಲ್ಲದಿದ್ದರೆ ಅರ್ಧ ರಾತ್ರಿ ಸ್ಕ್ರೂ ತಿರುಗಿಸುವುದರಲ್ಲೇ ಕಳೆದುಹೋಗುತ್ತದೆ. ಒಂದು ಡಿಗ್ರಿಯನ್ನು 60 ಭಾಗ ಮಾಡಿದರೆ ಒಂದು ಭಾಗ ಆರ್ಕ್‌ಮಿನಿಟ್, ಅದನ್ನು ಮತ್ತೆ 60 ಭಾಗ ಮಾಡಿದರೆ ಆರ್ಕ್‌ಸೆಕೆಂಡ್. ಅಕ್ಷ ಒಂದು ಆರ್ಕ್‌ಮಿನಿಟ್ ತಪ್ಪಿದ್ದರೆ ನಕ್ಷತ್ರ ನಿಮಿಷಕ್ಕೆ ಹೆಚ್ಚೆಂದರೆ 0.26 ಆರ್ಕ್‌ಸೆಕೆಂಡಿನಷ್ಟು ಉತ್ತರಕ್ಕೋ ದಕ್ಷಿಣಕ್ಕೋ ಸರಿಯುತ್ತದೆ. 5 ಆರ್ಕ್‌ಮಿನಿಟ್ ತಪ್ಪಿದ್ದರೆ ನಿಮಿಷಕ್ಕೆ 1.3, 10 ತಪ್ಪಿದ್ದರೆ 2.6.

ಇದನ್ನು ನಿಮ್ಮ ಕ್ಯಾಮೆರಾದ ಪಿಕ್ಸೆಲ್‌ಗೆ ಹೋಲಿಸಿ ನೋಡಬೇಕು. ಒಂದು ಪಿಕ್ಸೆಲ್ ಆಕಾಶದಲ್ಲಿ ಎಷ್ಟು ಆರ್ಕ್‌ಸೆಕೆಂಡ್ ಹಿಡಿಯುತ್ತದೆ ಎಂಬುದಕ್ಕೆ ಸೂತ್ರ ಸರಳ: 206.265 ಅನ್ನು ಪಿಕ್ಸೆಲ್ ಗಾತ್ರದಿಂದ (ಮೈಕ್ರಾನಿನಲ್ಲಿ) ಗುಣಿಸಿ, ಫೋಕಲ್ ಲೆಂಗ್ತ್‌ನಿಂದ (ಮಿಲಿಮೀಟರಿನಲ್ಲಿ) ಭಾಗಿಸಿ. 135 ಮಿ.ಮೀ. ಲೆನ್ಸು, 4 ಮೈಕ್ರಾನ್ ಪಿಕ್ಸೆಲ್ ಇದ್ದರೆ 6.1 ಬರುತ್ತದೆ. ಈ ಲೆನ್ಸನ್ನು ಸ್ಟಾರ್ ಟ್ರ್ಯಾಕರ್ (ಕ್ಯಾಮೆರಾ ಹೊರುವ ಚಿಕ್ಕ ಮೌಂಟ್) ಮೇಲಿಟ್ಟು ಎರಡು ನಿಮಿಷದ ಎಕ್ಸ್‌ಪೋಷರ್ ಕೊಡುವವರಿಗೆ 5 ಆರ್ಕ್‌ಮಿನಿಟ್ ತಪ್ಪು ಅರ್ಧ ಪಿಕ್ಸೆಲ್ಲಿಗಿಂತಲೂ ಕಡಿಮೆ, ಅಲ್ಲಿಗೇ ಬಿಡಬಹುದು. ಅದೇ 400 ಮಿ.ಮೀ. ಟೆಲಿಸ್ಕೋಪ್, 3.76 ಮೈಕ್ರಾನ್ ಪಿಕ್ಸೆಲ್ ಎಂದರೆ 1.94. ಗೈಡಿಂಗ್ (ಒಂದು ನಕ್ಷತ್ರವನ್ನು ಕ್ಯಾಮೆರಾದಲ್ಲಿ ನೋಡುತ್ತಾ ಮೌಂಟನ್ನು ತಾನಾಗಿ ತಿದ್ದುವ ವ್ಯವಸ್ಥೆ) ಇಲ್ಲದೆ ಐದು ನಿಮಿಷ ಕೊಟ್ಟರೆ ಅಷ್ಟೇ ತಪ್ಪು ಮೂರು ಪಿಕ್ಸೆಲ್ಲಿಗೂ ಮೀರಿ ನಕ್ಷತ್ರವನ್ನು ಎಳೆಯುತ್ತದೆ. ಗೈಡಿಂಗ್ ಇದ್ದರೆ ಈ ಸರಿತವನ್ನು ಅದು ಸರಿಪಡಿಸುತ್ತದೆ, ಆದರೆ ಗೈಡ್ ನಕ್ಷತ್ರದ ಸುತ್ತ ಇಡೀ ಚಿತ್ರ ನಿಧಾನವಾಗಿ ತಿರುಗುವುದನ್ನು ತಡೆಯಲಾರದು. ಸಾಮಾನ್ಯ ಬಳಕೆಗೆ ಒಟ್ಟು ತಪ್ಪು 2 ಆರ್ಕ್‌ಮಿನಿಟ್ ಒಳಗೆ ಬಂದರೆ ನಿಲ್ಲಿಸಿ ಫೋಟೋ ತೆಗೆಯಲು ಹೋಗಿ. 10 ಆರ್ಕ್‌ಸೆಕೆಂಡಿಗೆ ತರುವ ಹಟ ಬೇಡ. ಟ್ರೈಪಾಡಿನ ಪಕ್ಕದಲ್ಲಿ ಒಮ್ಮೆ ಓಡಾಡಿದರೆ ಅಷ್ಟು ಕೆಟ್ಟಿರುತ್ತದೆ.

ಬೇಕಾದ ಸಾಮಾನು

ಮುಖ್ಯ ಟೆಲಿಸ್ಕೋಪಿಗೆ ಹಾಕಿದ ಕ್ಯಾಮೆರಾ ಎಲ್ಲಕ್ಕಿಂತ ಒಳ್ಳೆಯದು, ಅದು ಬಿಗಿಯಾಗಿ ಕೂತಿರುತ್ತದೆ. ಗೈಡ್ ಸ್ಕೋಪ್ ಕ್ಯಾಮೆರಾವೂ ನಡೆಯುತ್ತದೆ. 120 ಮಿ.ಮೀ. ಗೈಡ್ ಸ್ಕೋಪಿಗೆ 3.75 ಮೈಕ್ರಾನಿನ, 1280×960 ಪಿಕ್ಸೆಲ್ ಕ್ಯಾಮೆರಾ ಹಾಕಿದರೆ ಸುಮಾರು 2.3×1.7 ಡಿಗ್ರಿ ಆಕಾಶ ಕಾಣುತ್ತದೆ, ಈ ಕೆಲಸಕ್ಕೆ ಹೇಳಿ ಮಾಡಿಸಿದ ಅಳತೆ. ಲ್ಯಾಪ್‌ಟಾಪಿಗೆ ಜೋಡಿಸಬಹುದಾದ ಡಿಎಸ್‌ಎಲ್‌ಆರ್ ಕೂಡ ಸರಿ.

ಸಾಫ್ಟ್‌ವೇರುಗಳಲ್ಲಿ ವಿಂಡೋಸ್‌ನವರಿಗೆ ನಿನಾ ಉಚಿತ. ಅದಕ್ಕೆ ಥ್ರೀ ಪಾಯಿಂಟ್ ಪೋಲಾರ್ ಅಲೈನ್‌ಮೆಂಟ್ ಎಂಬ ಪ್ಲಗಿನ್ ಹಾಕಿಕೊಳ್ಳಬೇಕು, ಪ್ಲೇಟ್ ಸಾಲ್ವಿಂಗಿಗೆ ಆಸ್ಟಾಪ್ ಮತ್ತು ಅದರ ನಕ್ಷತ್ರ ಪಟ್ಟಿ ಇಳಿಸಿಕೊಳ್ಳಬೇಕು. ಲಿನಕ್ಸ್ ಅಥವಾ ರಾಸ್‌ಬೆರಿ ಪೈ ಬಳಸುವವರಿಗೆ ಕೆಸ್ಟಾರ್ಸ್‌ನೊಳಗಿನ ಎಕೋಸ್ ಇದೆ. ಶಾರ್ಪ್‌ಕ್ಯಾಪ್‌ನ ವಿಧಾನ ಬೇರೆ: ಕ್ಯಾಮೆರಾವನ್ನು ಧ್ರುವದ ಕಡೆಗೇ ತಿರುಗಿಸಿ, ಆರ್‌ಎ ಅಕ್ಷವನ್ನು ಸುಮಾರು 90 ಡಿಗ್ರಿ ತಿರುಗಿಸಿ ಎರಡೇ ಚಿತ್ರದಲ್ಲಿ ಮುಗಿಸುತ್ತದೆ. ಈ ಸೌಲಭ್ಯ ಅದರ ಹಣ ಕೊಟ್ಟು ಪಡೆಯುವ ಆವೃತ್ತಿಯಲ್ಲಿದೆ. ಉತ್ತರ ದಿಗಂತ ಸ್ವಚ್ಛವಾಗಿದ್ದರೆ ತುಂಬಾ ಬೇಗ ಆಗುವ ವಿಧಾನ, ಆದರೆ ಧ್ರುವದ ಸುತ್ತಲಿನ ಮಸುಕು ನಕ್ಷತ್ರಗಳು ಕ್ಯಾಮೆರಾಕ್ಕೆ ಕಾಣಲೇಬೇಕು. 13 ಡಿಗ್ರಿ ಎತ್ತರದಲ್ಲಿ ಅದು ಎಲ್ಲ ರಾತ್ರಿಯೂ ಆಗುವ ಮಾತಲ್ಲ.

ಇವುಗಳ ಜೊತೆಗೆ ಒಂದು ರಸಮಟ್ಟ, ಗಾರೆಯವರ ತೂಗುಗುಂಡು, ಮೌಂಟಿನ ಬೋಲ್ಟಿಗೆ ಹೊಂದುವ ಅಲೆನ್ ಕೀ, ಸೀಮೆಸುಣ್ಣ. ಮಣ್ಣಿನ ನೆಲವಾದರೆ ಕಡಪ ಕಲ್ಲಿನ ಮೂರು ತುಂಡುಗಳೂ ಬೇಕು.

ಹಗಲಲ್ಲೇ ಮುಗಿಸಬೇಕಾದ್ದು

ಉತ್ತರ ದಿಕ್ಕು ಮೊದಲು. ಕರ್ನಾಟಕದಲ್ಲಿ ದಿಕ್ಸೂಚಿಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇರುವ ವ್ಯತ್ಯಾಸ ಒಂದೆರಡು ಡಿಗ್ರಿಗಿಂತ ಹೆಚ್ಚಿಲ್ಲ. ಆದರೂ ತಾರಸಿಯಲ್ಲಿ ಫೋನಿನ ದಿಕ್ಸೂಚಿಯನ್ನು ನಂಬಬೇಡಿ. ಆರ್‌ಸಿಸಿ ಒಳಗಿನ ಕಬ್ಬಿಣ, ಟ್ರೈಪಾಡಿನ ಉಕ್ಕು, ಕೌಂಟರ್‌ವೇಟು (ಟೆಲಿಸ್ಕೋಪಿನ ತೂಕವನ್ನು ಸರಿದೂಗಿಸುವ ಭಾರ) ಸೇರಿ ಮುಳ್ಳನ್ನು ಹತ್ತಾರು ಡಿಗ್ರಿ ಎಳೆಯಬಲ್ಲವು. ಬಿಸಿಲು ಇದಕ್ಕಿಂತ ನಂಬಿಕಸ್ತ. ಸೂರ್ಯ ಸರಿಯಾಗಿ ಮಧ್ಯಾಹ್ನ ರೇಖೆಗೆ (ಉತ್ತರದಿಂದ ನೆತ್ತಿಯ ಮೂಲಕ ದಕ್ಷಿಣಕ್ಕೆ ಹಾಯುವ ಗೆರೆ) ಬಂದ ಗಳಿಗೆಯಲ್ಲಿ ತೂಗುಗುಂಡಿನ ದಾರದ ನೆರಳು ನೇರ ಉತ್ತರ-ದಕ್ಷಿಣವಾಗಿ ಬೀಳುತ್ತದೆ. ಆ ಗಳಿಗೆ ಗಡಿಯಾರದ 12 ಗಂಟೆಯಲ್ಲ. ಭಾರತದ ಸಮಯ 82.5 ಡಿಗ್ರಿ ರೇಖಾಂಶಕ್ಕೆ ಹೊಂದಿಸಿದ್ದು, ಬೆಂಗಳೂರು ಇರುವುದು 77.6ರಲ್ಲಿ. ಹಾಗಾಗಿ ಸರಾಸರಿ 12:20. ಅದೂ ವರ್ಷವಿಡೀ ಒಂದೇ ಇರುವುದಿಲ್ಲ: ನವೆಂಬರ್ ಮೊದಲ ವಾರದಲ್ಲಿ ಸುಮಾರು 12:03, ಫೆಬ್ರವರಿ ಎರಡನೇ ವಾರದಲ್ಲಿ 12:34. ಮಂಗಳೂರಿನವರು ಇದಕ್ಕೆ 11 ನಿಮಿಷ ಸೇರಿಸಿಕೊಳ್ಳಲಿ. ಆ ದಿನದ ನಿಖರ ಸಮಯವನ್ನು ಸ್ಟೆಲ್ಲೇರಿಯಂನಂತಹ ಆಕಾಶ ನಕ್ಷೆಯಲ್ಲಿ ನೋಡಿಕೊಂಡು, ನೆರಳಿನ ಮೇಲೆ ಸೀಮೆಸುಣ್ಣದಿಂದ ಉದ್ದ ಗೆರೆ ಎಳೆಯಿರಿ.

ಶೂನ್ಯ ನೆರಳಿನ ದಿನಗಳು, ಅಂದರೆ ಬೆಂಗಳೂರಿನಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸು, ಈ ಕೆಲಸಕ್ಕೆ ಬರುವುದಿಲ್ಲ. ದಾರದ ನೆರಳು ಗುಂಡಿನ ಬುಡಕ್ಕೇ ಬಿದ್ದಿರುತ್ತದೆ, ಗೆರೆ ಎಳೆಯಲು ಉದ್ದವೇ ಸಿಗುವುದಿಲ್ಲ. ಆ ಎರಡು ದಿನಗಳ ನಡುವಿನ ತಿಂಗಳುಗಳಲ್ಲಿ ಮಧ್ಯಾಹ್ನದ ಸೂರ್ಯ ನಮಗಿಂತ ಉತ್ತರಕ್ಕಿರುವುದರಿಂದ ನೆರಳು ದಕ್ಷಿಣಕ್ಕೆ ಬೀಳುತ್ತದೆ ಎಂಬುದೂ ನೆನಪಿರಲಿ. ಡಿಸೆಂಬರ್ ಅತ್ಯುತ್ತಮ: ಒಂದು ಮೀಟರ್ ದಾರಕ್ಕೆ ಮುಕ್ಕಾಲು ಮೀಟರಿನಷ್ಟು ನೆರಳು ಸಿಗುತ್ತದೆ.

ಇನ್ನು ಟ್ರೈಪಾಡು. ಕಪ್ಪು ಎರೆಮಣ್ಣಿನ ಮೇಲೋ ತೇವದ ಹುಲ್ಲಿನ ಮೇಲೋ ಬರಿಗಾಲಿನಲ್ಲಿ ನಿಲ್ಲಿಸಿದರೆ ಅದು ರಾತ್ರಿಯಿಡೀ ಇಳಿಯುತ್ತಲೇ ಇರುತ್ತದೆ. ಕಾಲುಗಳ ನಡುವೆ 80 ಸೆಂ.ಮೀ. ಅಂತರವಿದ್ದರೆ, ಒಂದು ಕಾಲು ಬರೀ ಒಂದು ಮಿಲಿಮೀಟರ್ ಕುಸಿದರೂ ತಲೆ ಸುಮಾರು 5 ಆರ್ಕ್‌ಮಿನಿಟ್ ವಾಲುತ್ತದೆ. ಅದಕ್ಕೇ ಕಡಪ ಕಲ್ಲು, ಒಂದೊಂದು ಕಾಲಿನ ಕೆಳಗೆ ಅಂಗೈಯಗಲದ್ದೊಂದು. ಕಾಲುಗಳನ್ನು ಪೂರ್ತಿ ಎಳೆಯದೆ ಆದಷ್ಟು ಗಿಡ್ಡ ಇಡಿ. ರಸಮಟ್ಟ ಇಟ್ಟು ತಲೆಯನ್ನು ಸಮ ಮಾಡಿ. ಮಟ್ಟ ಕೊಂಚ ತಪ್ಪಿದ್ದರೂ ಪೋಲಾರ್ ಅಲೈನ್‌ಮೆಂಟ್ ಸಿಗುತ್ತದೆ ನಿಜ, ಆದರೆ ಆಗ ಎತ್ತರದ ಸ್ಕ್ರೂ ತಿರುಗಿಸಿದಾಗ ದಿಕ್ಕೂ ಕೆಡುತ್ತದೆ, ದಿಕ್ಕು ಸರಿಪಡಿಸಿದಾಗ ಎತ್ತರ ಕೆಡುತ್ತದೆ.

ತಗ್ಗು ಅಕ್ಷಾಂಶದ ನಿಜವಾದ ತೊಂದರೆ ಕೌಂಟರ್‌ವೇಟಿನದು. ಆರ್‌ಎ ಅಕ್ಷ ನೆಲಕ್ಕೆ ಹೆಚ್ಚು ಕಡಿಮೆ ಅಡ್ಡಡ್ಡವಾಗಿ ಮಲಗಿರುವುದರಿಂದ, ಹೋಮ್ ಸ್ಥಿತಿಯಲ್ಲಿ (ಟೆಲಿಸ್ಕೋಪ್ ಧ್ರುವದ ಕಡೆ ನೋಡುವ ಆರಂಭದ ಸ್ಥಿತಿ) ಕೌಂಟರ್‌ವೇಟಿನ ಸರಳು ಬಹುಮಟ್ಟಿಗೆ ನೇರ ಕೆಳಕ್ಕೆ ಇಳಿಬೀಳುತ್ತದೆ. ಉತ್ತರದಲ್ಲಿ ಟ್ರೈಪಾಡಿನ ಕಾಲಿದ್ದರೆ ಬಿಲ್ಲೆ ಅದಕ್ಕೆ ಬಡಿಯುತ್ತದೆ. ಮೂರು ಪರಿಹಾರಗಳಿವೆ. ಭಾರದ ಬಿಲ್ಲೆಗಳನ್ನು ಒಂದರ ಬದಲು ಎರಡು ಹಾಕಿ, ಸರಳಿನ ತುದಿಗೆ ಇಳಿಸದೆ ಮೇಲಕ್ಕೆ, ಅಕ್ಷದ ಹತ್ತಿರಕ್ಕೆ ತನ್ನಿ. ಅಥವಾ ಮೌಂಟಿನ ರಚನೆ ಒಪ್ಪಿದರೆ ಎರಡು ಕಾಲುಗಳು ಉತ್ತರದ ಎರಡು ಬದಿಗೆ ಬರುವಂತೆ ಟ್ರೈಪಾಡ್ ತಿರುಗಿಸಿ. ಎರಡೂ ಆಗದಿದ್ದರೆ ಟ್ರೈಪಾಡಿಗೂ ತಲೆಗೂ ನಡುವೆ ಪಿಯರ್ ಎಕ್ಸ್‌ಟೆನ್ಷನ್ ಎಂಬ ಗಿಡ್ಡ ಕಂಬ ಹಾಕಬೇಕು. ಮೌಂಟನ್ನು ಕೊಳ್ಳುವ ಮೊದಲೇ ಅದು ಎಷ್ಟು ಡಿಗ್ರಿವರೆಗೆ ಇಳಿಯುತ್ತದೆ ಎಂದು ವಿವರ ಪಟ್ಟಿಯಲ್ಲಿ ನೋಡಿ. ಕನಿಷ್ಠ 15 ಅಥವಾ 20 ಡಿಗ್ರಿ ಎಂದಿದ್ದರೆ ಅದು ಮೈಸೂರಿಗೆ ಆಗಿಬರುವುದಿಲ್ಲ.

ಗೈಡ್ ಸ್ಕೋಪಿನ ಫೋಕಸನ್ನೂ ಹಗಲಲ್ಲೇ, ಒಂದು ಕಿಲೋಮೀಟರಿಗಿಂತ ದೂರದ ಮೊಬೈಲ್ ಟವರ್ ನೋಡಿ ಹೊಂದಿಸಿಡಿ. ರಾತ್ರಿ ಕೂದಲೆಳೆಯಷ್ಟು ತಿದ್ದಿದರೆ ಸಾಕು.

ಸಮಯ, ಜಾಗ, ಪಿಕ್ಸೆಲ್

ಸಾಫ್ಟ್‌ವೇರಿನಲ್ಲಿ ಅಕ್ಷಾಂಶ, ರೇಖಾಂಶ, ಸಮಯ ವಲಯ ಸರಿಯಾಗಿರಬೇಕು. ಸಮಯ ವಲಯ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಈ ತಪ್ಪು ಜನರನ್ನು ಗಂಟೆಗಟ್ಟಲೆ ಕಾಡುತ್ತದೆ. ಲ್ಯಾಪ್‌ಟಾಪ್ 5 ಗಂಟೆ 30 ನಿಮಿಷ ತಪ್ಪು ಸಮಯ ಹಿಡಿದಿದ್ದರೆ, ಸಾಫ್ಟ್‌ವೇರು ಆಕಾಶವನ್ನು 82.5 ಡಿಗ್ರಿ ತಿರುಗಿಸಿ ನೋಡುತ್ತಿರುತ್ತದೆ. ಒಟ್ಟು ತಪ್ಪಿನ ಪ್ರಮಾಣ ಸರಿಯಾಗಿಯೇ ತೋರುತ್ತದೆ, ದಿಕ್ಕು ಮಾತ್ರ ಅದಲುಬದಲಾಗಿರುತ್ತದೆ. ನೀವು ಪೂರ್ವ-ಪಶ್ಚಿಮದ ಸ್ಕ್ರೂ ತಿರುಗಿಸಿದರೆ ಪರದೆಯ ಮೇಲೆ ಎತ್ತರದ ಅಂಕಿ ಬದಲಾಗುತ್ತದೆ. ಹೀಗೆ ಕಂಡ ಕೂಡಲೇ ಸ್ಕ್ರೂ ಬಿಟ್ಟು ಗಡಿಯಾರ ನೋಡಿ.

ಫೋಕಲ್ ಲೆಂಗ್ತ್, ಪಿಕ್ಸೆಲ್ ಗಾತ್ರ ಎರಡನ್ನೂ ಸರಿಯಾಗಿ ತುಂಬಿ. ರೆಡ್ಯೂಸರ್ (ಫೋಕಲ್ ಲೆಂಗ್ತ್ ಕಡಿಮೆ ಮಾಡುವ ಲೆನ್ಸು) ಹಾಕಿದ್ದರೆ ಫೋಕಲ್ ಲೆಂಗ್ತ್ ಬದಲಾಗಿರುತ್ತದೆ. ಇವು ತಪ್ಪಿದಾಗಲೇ ಪ್ಲೇಟ್ ಸಾಲ್ವಿಂಗ್ ಹೆಚ್ಚಾಗಿ ಸೋಲುವುದು. ಎಕ್ಸ್‌ಪೋಷರ್ 2ರಿಂದ 4 ಸೆಕೆಂಡ್, ಗೇನ್ ಮಧ್ಯಮ, ಬಿನ್ನಿಂಗ್ 2×2 (ನಾಲ್ಕು ಪಿಕ್ಸೆಲ್ ಸೇರಿಸಿ ಒಂದಾಗಿ ಓದುವುದು) ಇಟ್ಟು ಒಂದು ಚಿತ್ರ ತೆಗೆದು ನೋಡಿ. ಇಪ್ಪತ್ತು ಮೂವತ್ತು ನಕ್ಷತ್ರಗಳು ಚುಕ್ಕೆಯಾಗಿ ಕಾಣಬೇಕು. ಬಳೆಯ ಹಾಗೆ ದುಂಡಗೆ ಕಂಡರೆ ಫೋಕಸ್ ತಪ್ಪಿದೆ, ಗೆರೆಯಾಗಿ ಕಂಡರೆ ಟ್ರ್ಯಾಕಿಂಗ್ ಶುರುವಾಗಿಲ್ಲ. ಚಂದ್ರನಿದ್ದರೂ ಅಡ್ಡಿಯಿಲ್ಲ, ಅವನ ಹತ್ತಿರ ಮಾತ್ರ ಹೋಗಬೇಡಿ.

ಮೂರು ಚಿತ್ರ ಎಲ್ಲಿ ತೆಗೆಯಬೇಕು

ಎಲ್ಲಿ ಬೇಕಾದರೂ ತೆಗೆಯಬಹುದು ಎಂದು ಕೈಪಿಡಿಗಳು ಹೇಳುತ್ತವೆ. ಅಳತೆಯ ಮಟ್ಟಿಗೆ ಅದು ನಿಜ. ಆದರೆ ಮೂರನೇ ಚಿತ್ರದ ನಂತರ ಕ್ಯಾಮೆರಾ ಅಲ್ಲೇ ನಿಂತು, ನೀವು ಸ್ಕ್ರೂ ತಿರುಗಿಸುವುದನ್ನು ನೋಡುತ್ತಿರುತ್ತದೆ. ಆ ಜಾಗ ಕೆಟ್ಟದಾಗಿದ್ದರೆ ತಿದ್ದುಪಡಿ ಕಾಣಿಸುವುದೇ ಇಲ್ಲ. ನೆತ್ತಿಯ ಮೇಲಿನ ನಕ್ಷತ್ರವನ್ನು ನೋಡುತ್ತಾ ಮೌಂಟನ್ನು ಪೂರ್ವ-ಪಶ್ಚಿಮಕ್ಕೆ ತಿರುಗಿಸಿದರೆ ಚಿತ್ರ ಇದ್ದಲ್ಲೇ ಗಿರಕಿ ಹೊಡೆಯುತ್ತದೆ, ಸರಿಯುವುದಿಲ್ಲ. ಪೂರ್ವ ಅಥವಾ ಪಶ್ಚಿಮ ದಿಗಂತದ ಹತ್ತಿರ ನೋಡುತ್ತಾ ಎತ್ತರ ಬದಲಿಸಿದರೂ ಅದೇ ಕಥೆ. ಎರಡೂ ಸ್ಕ್ರೂಗಳಿಗೆ ಚಿತ್ರ ಚೆನ್ನಾಗಿ ಸರಿಯುವ ಜಾಗ ಎಂದರೆ ನೇರ ದಕ್ಷಿಣ ಅಥವಾ ನೇರ ಉತ್ತರ, 45 ಡಿಗ್ರಿ ಆಸುಪಾಸಿನ ಎತ್ತರ.

ಬೆಂಗಳೂರಿಗೆ ಹೊಂದುವ ಲೆಕ್ಕ ಹೀಗಿದೆ. ಡೆಕ್ಲಿನೇಷನ್ (ಆಕಾಶದ ಸಮಭಾಜಕದಿಂದ ಉತ್ತರಕ್ಕೋ ದಕ್ಷಿಣಕ್ಕೋ ಇರುವ ದೂರ; ದಕ್ಷಿಣಕ್ಕೆ ಮೈನಸ್) -30 ಡಿಗ್ರಿಗೆ ಇಡಿ. ಮಧ್ಯಾಹ್ನ ರೇಖೆಗಿಂತ 35 ಡಿಗ್ರಿ ಪೂರ್ವಕ್ಕೆ, ಅಂದರೆ ಆಗ್ನೇಯದಲ್ಲಿ ಸುಮಾರು 35 ಡಿಗ್ರಿ ಎತ್ತರದಲ್ಲಿ ಶುರುಮಾಡಿ. ಪ್ರತಿ ಹೆಜ್ಜೆಗೆ ಆರ್‌ಎ ಅಕ್ಷವನ್ನು 15 ಡಿಗ್ರಿಯಂತೆ ಪಶ್ಚಿಮಕ್ಕೆ ತಿರುಗಿಸಿ. ಮೂರನೇ ಚಿತ್ರದ ಹೊತ್ತಿಗೆ ಮಧ್ಯಾಹ್ನ ರೇಖೆಗೆ 5 ಡಿಗ್ರಿ ಹಿಂದೆ, 47 ಡಿಗ್ರಿ ಎತ್ತರದಲ್ಲಿ ನಿಂತಿರುತ್ತೀರಿ. ಮೆರಿಡಿಯನ್ ಫ್ಲಿಪ್‌ನ (ಮಧ್ಯಾಹ್ನ ರೇಖೆ ದಾಟುವಾಗ ಟೆಲಿಸ್ಕೋಪನ್ನು ಮೌಂಟಿನ ಇನ್ನೊಂದು ಬದಿಗೆ ಮಗುಚುವುದು) ಗೊಡವೆ ಬರುವುದಿಲ್ಲ, ತಿದ್ದಲು ಬೇಕಾದ ಜಾಗವೂ ಸಿಕ್ಕಿತು. ದಕ್ಷಿಣದಲ್ಲಿ ಮರವಿದ್ದರೆ ಉತ್ತರದಲ್ಲಿ ಡೆಕ್ಲಿನೇಷನ್ +58ಕ್ಕೆ ಇದೇ ಕ್ರಮ ನಡೆಯುತ್ತದೆ, ಅಲ್ಲೂ ಎತ್ತರ 45 ಡಿಗ್ರಿಯೇ. ಹೆಜ್ಜೆಗಳನ್ನು 5 ಡಿಗ್ರಿಗೆ ಇಳಿಸಬೇಡಿ. ವೃತ್ತದ ತುಣುಕು ಚಿಕ್ಕದಾದಷ್ಟೂ ಅದರ ಕೇಂದ್ರದ ಅಂದಾಜು ಅತ್ತಿತ್ತ ಹೊಯ್ದಾಡುತ್ತದೆ.

ಮೋಟಾರಿಲ್ಲದ ಅಥವಾ ಗೋಟು (ಹೇಳಿದ ಜಾಗಕ್ಕೆ ತಾನೇ ತಿರುಗುವ ಸೌಲಭ್ಯ) ಇಲ್ಲದ ಮೌಂಟಿನವರು ಸಾಫ್ಟ್‌ವೇರಿನಲ್ಲಿ ಮ್ಯಾನ್ಯುಯಲ್ ಆಯ್ಕೆ ಮಾಡಿ, ಆರ್‌ಎ ಕ್ಲಚ್ ಸಡಿಲಿಸಿ ಕೈಯಲ್ಲೇ ತಿರುಗಿಸಬಹುದು. ಸ್ಟಾರ್ ಟ್ರ್ಯಾಕರಿನ ಬಾಲ್ ಹೆಡ್‌ನ ಮೇಲೆ ಕೈ ಊರಬೇಡಿ, ಅದು ಸ್ವಲ್ಪ ಜಾರಿದರೂ ಅಳತೆ ಹೋಯಿತು.

ತಗ್ಗಿನಲ್ಲಿರುವ ಧ್ರುವವನ್ನು ಬಿಟ್ಟು ಮೇಲಿನ ಆಕಾಶ ನೋಡುವುದರಿಂದ ಇನ್ನೊಂದು ಲಾಭವಿದೆ. ವಾತಾವರಣ ಬೆಳಕನ್ನು ಬಗ್ಗಿಸುವುದರಿಂದ 13 ಡಿಗ್ರಿ ಎತ್ತರದಲ್ಲಿ ಕಾಣುವ ಧ್ರುವ ಇರಬೇಕಾದ್ದಕ್ಕಿಂತ ಸುಮಾರು 4 ಆರ್ಕ್‌ಮಿನಿಟ್ ಮೇಲೆ ಕಾಣುತ್ತದೆ. ಪೋಲಾರ್ ಸ್ಕೋಪಿನಲ್ಲಿ ಎಷ್ಟೇ ಜಾಗ್ರತೆಯಿಂದ ಕೂರಿಸಿದರೂ ಆ 4 ಉಳಿದೇ ಉಳಿಯುತ್ತದೆ. 47 ಡಿಗ್ರಿ ಎತ್ತರದಲ್ಲಿ ಈ ಬಾಗು ಒಂದು ಆರ್ಕ್‌ಮಿನಿಟಿಗೂ ಕಡಿಮೆ. ಸಾಫ್ಟ್‌ವೇರಿನಲ್ಲಿ ರಿಫ್ರ್ಯಾಕ್ಷನ್ ತಿದ್ದುಪಡಿ ಎಂಬ ಆಯ್ಕೆ ಇದ್ದರೆ ಹಾಕಿಡಿ.

ಸ್ಕ್ರೂ ತಿರುಗಿಸುವ ಕೈ

ಟೆಲಿಸ್ಕೋಪು, ಕ್ಯಾಮೆರಾ, ಕೌಂಟರ್‌ವೇಟು, ಕೇಬಲ್ಲು ಎಲ್ಲವನ್ನೂ ಏರಿಸಿ, ಬ್ಯಾಲೆನ್ಸ್ ಮಾಡಿದ ಮೇಲೆಯೇ ಅಳತೆಗೆ ಕೈ ಹಾಕಿ. ಖಾಲಿ ಮೌಂಟನ್ನು ಅಲೈನ್ ಮಾಡಿ ಆಮೇಲೆ ಹತ್ತು ಕಿಲೋ ಹೇರಿದರೆ ಮಾಡಿದ್ದೆಲ್ಲ ವ್ಯರ್ಥ.

ಅಳತೆ ಮುಗಿದಾಗ ಪರದೆಯಲ್ಲಿ ಎರಡು ಅಂಕಿಗಳು ಬರುತ್ತವೆ: ಎತ್ತರದ ತಪ್ಪು, ದಿಕ್ಕಿನ ತಪ್ಪು. ಮೊದಲ ಬಾರಿಗೆ ಎರಡು ಮೂರು ಡಿಗ್ರಿ ಬಂದರೂ ಗಾಬರಿ ಬೇಡ. ಅಷ್ಟಿದ್ದರೆ ಒರಟಾಗಿ ತಿದ್ದಿ, ಮೂರು ಚಿತ್ರಗಳನ್ನು ಮತ್ತೆ ತೆಗೆಯಿರಿ.

ಎತ್ತರ ಮೊದಲು. ಎರಡು ಬೋಲ್ಟುಗಳು ಎದುರುಬದುರು ತಳ್ಳುವ ರಚನೆಯಾದರೆ, ಒಂದನ್ನು ಸಡಿಲಿಸದೆ ಇನ್ನೊಂದನ್ನು ಬಿಗಿ ಮಾಡಲು ಹೋಗಬೇಡಿ. ಬೋಲ್ಟು ಬಗ್ಗುತ್ತದೆ ಅಥವಾ ಅದರ ತುದಿ ಎರಕದ ಲೋಹದಲ್ಲಿ ಗುಳಿ ಕೊರೆಯುತ್ತದೆ. ಒಮ್ಮೆ ಗುಳಿ ಬಿದ್ದರೆ ಬೋಲ್ಟು ಪ್ರತಿ ಸಲ ಆ ಗುಳಿಗೇ ಜಾರುತ್ತದೆ, ಸೂಕ್ಷ್ಮ ತಿದ್ದುಪಡಿ ಆಮೇಲೆ ಆಗದ ಮಾತು. ಕೊನೆಯ ತಿರುವು ಯಾವಾಗಲೂ ಭಾರವನ್ನು ಮೇಲಕ್ಕೆ ಎತ್ತುವ ಕಡೆಗಿರಲಿ. ಬೇಕಾದ್ದಕ್ಕಿಂತ ಮೇಲೆ ಹೋದರೆ, ಸ್ವಲ್ಪ ಹೆಚ್ಚೇ ಕೆಳಗಿಳಿಸಿ ಮತ್ತೆ ಮೇಲಕ್ಕೆ ತನ್ನಿ. ಆಗ ಭಾರವೆಲ್ಲ ಬೋಲ್ಟಿನ ಮೇಲೆ ಕೂತಿರುತ್ತದೆ, ಆಮೇಲೆ ತಾನಾಗಿ ಇಳಿಯುವುದಿಲ್ಲ.

ದಿಕ್ಕಿಗೆ ಬರುವಾಗ ಟ್ರೈಪಾಡಿನ ಕೆಳಗಿನ ನಡುಬೋಲ್ಟನ್ನು ತಲೆ ಜರುಗುವಷ್ಟು ಮಾತ್ರ ಸಡಿಲಿಸಿ. ಪೂರ್ತಿ ಸಡಿಲಿಸಿದರೆ ತಲೆ ಒಂದು ಕಡೆ ಎದ್ದು, ಈಗ ತಾನೆ ಕೂರಿಸಿದ ಎತ್ತರ ಕೆಡುತ್ತದೆ. ಎಡ ಬಲದ ನಾಬುಗಳಲ್ಲಿ ಒಂದನ್ನು ಅರ್ಧ ಸುತ್ತು ಬಿಚ್ಚಿ, ಇನ್ನೊಂದನ್ನು ನಿಧಾನವಾಗಿ ಒತ್ತಿ. ಕಾಲು ಸುತ್ತಿಗೆ ಅಂಕಿ ಎಷ್ಟು ಬದಲಾಯಿತು ಎಂದು ಒಮ್ಮೆ ಬರೆದಿಟ್ಟುಕೊಳ್ಳಿ, ಮುಂದಿನ ಸಲ ಕತ್ತಲಲ್ಲೂ ಕೈಗೆ ಅಂದಾಜಿರುತ್ತದೆ.

ಪರದೆಯ ಅಂಕಿ ಬದಲಾಗುವುದು ಚಿತ್ರ ತೆಗೆದು, ಸಾಲ್ವ್ ಆದ ಮೇಲೆ. ನೀವು ನಾಬು ತಿರುಗಿಸುತ್ತಿದ್ದಾಗ ತೆರೆದಿದ್ದ ಚಿತ್ರದ ಅಂಕಿಗೆ ಬೆಲೆಯಿಲ್ಲ. ಕೈ ತೆಗೆದ ಮೇಲೆ ಶುರುವಾದ ಚಿತ್ರದ ಫಲಿತಾಂಶ ಬರುವವರೆಗೆ ಕಾಯಿರಿ. ಅವಸರದಲ್ಲಿ ಅಂಕಿಯ ಹಿಂದೆ ಓಡಿದರೆ ಪ್ರತಿ ಸಲ ಗುರಿ ದಾಟಿ ಹೋಗುತ್ತೀರಿ.

ಕೊನೆಗೆ ಬಿಗಿ ಮಾಡುವುದು. ಅರ್ಧಕ್ಕರ್ಧ ಜನ ಸೋಲುವುದು ಇಲ್ಲಿಯೇ: ಅಂಕಿ ಸೊನ್ನೆಗೆ ಬಂತೆಂದು ಸಾಫ್ಟ್‌ವೇರ್ ನಿಲ್ಲಿಸಿ, ಆಮೇಲೆ ಬೋಲ್ಟುಗಳನ್ನು ಗಟ್ಟಿಯಾಗಿ ಬಿಗಿಯುತ್ತಾರೆ. ಆ ಒಂದು ಬಿಗಿತ ನಾಲ್ಕೈದು ಆರ್ಕ್‌ಮಿನಿಟ್ ಎಳೆದುಬಿಡಬಹುದು. ಚಿತ್ರಗಳು ಬರುತ್ತಿರುವಾಗಲೇ, ಅಂಕಿ ನೋಡುತ್ತಾ, ಎರಡೂ ಬದಿಯ ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಯಾವ ಕಡೆಗೆ ಎಳೆಯುತ್ತದೆ ಎಂದು ಗೊತ್ತಾದರೆ ಅಷ್ಟನ್ನು ಮೊದಲೇ ಎದುರು ದಿಕ್ಕಿಗೆ ಬಿಟ್ಟು ಬಿಗಿಯಬಹುದು.

ಆಮೇಲೆ ಮೂರು ಚಿತ್ರಗಳನ್ನು ಹೊಸದಾಗಿ ತೆಗೆದು ಅಳೆಯಿರಿ. ತಿದ್ದುವಾಗ ಕಂಡ ಅಂಕಿಗೂ ಹೊಸ ಅಳತೆಗೂ ಒಂದು ಆರ್ಕ್‌ಮಿನಿಟಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಎಲ್ಲೋ ಏನೋ ಅಲುಗುತ್ತಿದೆ ಎಂದರ್ಥ. ಗೈಡ್ ಸ್ಕೋಪಿನ ಶೂ, ಅದರ ಉಂಗುರದ ಪ್ಲಾಸ್ಟಿಕ್ ಸ್ಕ್ರೂ, ಫೋಕಸರಿನ ಸಡಿಲ, ಆರ್‌ಎ ತಿರುಗಿದಾಗ ಬಿಗಿಯಾಗಿ ಜಗ್ಗುವ ಯುಎಸ್‌ಬಿ ಕೇಬಲ್, ಈ ಕ್ರಮದಲ್ಲಿ ಹುಡುಕಿ. ಪರೀಕ್ಷೆ ಸುಲಭ: ಅಳತೆಯನ್ನು ಏನೂ ಮುಟ್ಟದೆ ಮೂರು ಸಲ ಮಾಡಿ. ಮೂರೂ ಅಂಕಿ ಹತ್ತಿರವಿದ್ದರೆ ಜೋಡಣೆ ಗಟ್ಟಿಯಿದೆ. ಹರಡಿಕೊಂಡಿದ್ದರೆ ಸ್ಕ್ರೂ ತಿರುಗಿಸುವುದರಿಂದ ಪ್ರಯೋಜನವಿಲ್ಲ, ಮೊದಲು ಆ ಸಡಿಲವನ್ನು ಕಟ್ಟಬೇಕು. ನವೆಂಬರಿನಿಂದ ಜನವರಿಯವರೆಗೆ ನಡುರಾತ್ರಿಯ ನಂತರ ಸಾಲ್ವಿಂಗ್ ಇದ್ದಕ್ಕಿದ್ದಂತೆ ನಿಂತರೆ ಮೊದಲು ಲೆನ್ಸಿಗೆ ಟಾರ್ಚ್ ಬಿಟ್ಟು ನೋಡಿ, ಇಬ್ಬನಿ ಕಟ್ಟಿರುತ್ತದೆ.

ಧ್ರುವದ ಕಡೆ ನೋಡಿಯೇ ಮಾಡುವವರಿಗೆ ಒಂದು ಮಾತು. ಧ್ರುವ ನಕ್ಷತ್ರ ಧ್ರುವದಲ್ಲೇ ಇಲ್ಲ. 2000ದಲ್ಲಿ 44 ಆರ್ಕ್‌ಮಿನಿಟ್ ದೂರದಲ್ಲಿತ್ತು, ಈಗ 38ರ ಆಸುಪಾಸು. ಭೂಮಿಯ ಅಕ್ಷ ಬುಗುರಿಯಂತೆ ಓಲಾಡುವುದರಿಂದ ಧ್ರುವ ವರ್ಷಕ್ಕೆ 20 ಆರ್ಕ್‌ಸೆಕೆಂಡ್ ಸರಿಯುತ್ತಿದೆ. ಹಳೆಯ ನಕ್ಷೆಯ 2000ದ ಧ್ರುವಕ್ಕೆ ಇಂದು ಮೌಂಟ್ ಕೂರಿಸಿದರೆ 8 ಆರ್ಕ್‌ಮಿನಿಟಿಗೂ ಹೆಚ್ಚು ತಪ್ಪಿರುತ್ತದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡಿನಲ್ಲಿರುವ ಕನ್ನಡಿಗರಿಗಂತೂ ಧ್ರುವ ನಕ್ಷತ್ರದ ಆಸರೆಯೇ ಇಲ್ಲ. ಅಲ್ಲಿನ ಸಿಗ್ಮಾ ಆಕ್ಟಾಂಟಿಸ್ ನಗರದ ಆಕಾಶದಲ್ಲಿ ಬರಿಗಣ್ಣಿಗೆ ಸಿಗದಷ್ಟು ಮಸುಕು. ಮೂರು ಚಿತ್ರಗಳ ವಿಧಾನ ಅಲ್ಲೂ ಹೀಗೆಯೇ ನಡೆಯುತ್ತದೆ, ಉತ್ತರ ದಕ್ಷಿಣ ಅದಲುಬದಲು ಅಷ್ಟೇ.

ಲ್ಯಾಪ್‌ಟಾಪ್ ಇಲ್ಲದಿದ್ದರೆ

ಡಿಎಸ್‌ಎಲ್‌ಆರ್ ಮತ್ತು ಮೌಂಟಿನ ಹ್ಯಾಂಡ್‌ಸೆಟ್ ಇದ್ದರೆ ಸಾಕು, ತಾಳ್ಮೆ ಮಾತ್ರ ಹೆಚ್ಚು ಬೇಕು. ಮಧ್ಯಾಹ್ನ ರೇಖೆಯ ಹತ್ತಿರ, ಆಕಾಶದ ಸಮಭಾಜಕದ ಮೇಲಿನ ಒಂದು ನಕ್ಷತ್ರಕ್ಕೆ ಟೆಲಿಸ್ಕೋಪ್ ತಿರುಗಿಸಿ. ಬೆಂಗಳೂರಿನಲ್ಲಿ ಅದು ನೆತ್ತಿಯಿಂದ 13 ಡಿಗ್ರಿ ದಕ್ಷಿಣಕ್ಕಿರುತ್ತದೆ. ಕಡಿಮೆ ಐಎಸ್‌ಒ ಇಟ್ಟು 125 ಸೆಕೆಂಡಿನ ಎಕ್ಸ್‌ಪೋಷರ್ ಶುರುಮಾಡಿ. ಮೊದಲ 5 ಸೆಕೆಂಡ್ ಸುಮ್ಮನಿರಿ. ನಂತರ ಹ್ಯಾಂಡ್‌ಸೆಟ್ಟನ್ನು 1× ವೇಗದಲ್ಲಿಟ್ಟು ಪಶ್ಚಿಮದ ಗುಂಡಿಯನ್ನು 60 ಸೆಕೆಂಡ್, ಪೂರ್ವದ ಗುಂಡಿಯನ್ನು 60 ಸೆಕೆಂಡ್ ಒತ್ತಿ ಹಿಡಿಯಿರಿ. ಸುಮ್ಮನಿದ್ದ 5 ಸೆಕೆಂಡಿನಿಂದ ಗೆರೆಯ ತುದಿಯಲ್ಲಿ ಒಂದು ಹೊಳೆಯುವ ಮಣಿ ಮೂಡಿರುತ್ತದೆ, ಅದು ಹೊರಟ ಜಾಗ. ನಕ್ಷತ್ರ ಹೋದ ದಾರಿಯಲ್ಲೇ ಮರಳಿ ಆ ಮಣಿಗೆ ಬಂದರೆ ದಿಕ್ಕು ಸರಿಯಿದೆ. ಮಣಿಯ ಪಕ್ಕಕ್ಕೆ ಬಂದು, ಗೆರೆ ಬಾಯಿ ತೆರೆದ ಕತ್ತರಿಯಂತಾದರೆ ದಿಕ್ಕಿನ ನಾಬು ತಿರುಗಿಸಿ ಮತ್ತೆ ತೆಗೆಯಿರಿ. ಬಾಯಿ ಇನ್ನೂ ಅಗಲವಾದರೆ ಎದುರು ಕಡೆಗೆ ತಿರುಗಿಸಿ. ನಕ್ಷತ್ರ ಸರಿಯುತ್ತಿರುವ ದಿಕ್ಕು ಗೊತ್ತಾದರೆ ಊಹೆ ಬೇಡ: ದಕ್ಷಿಣಕ್ಕೆ ಸರಿದರೆ ಅಕ್ಷ ಪೂರ್ವಕ್ಕೆ ಹೆಚ್ಚು ವಾಲಿದೆ, ಉತ್ತರಕ್ಕೆ ಸರಿದರೆ ಪಶ್ಚಿಮಕ್ಕೆ.

ಎತ್ತರಕ್ಕೆ ಇದೇ ಕೆಲಸವನ್ನು ಪೂರ್ವದಲ್ಲಿ, 20ರಿಂದ 30 ಡಿಗ್ರಿ ಮೇಲಿರುವ ಸಮಭಾಜಕದ ನಕ್ಷತ್ರದ ಮೇಲೆ ಮಾಡಿ. ಅಲ್ಲಿ ದಕ್ಷಿಣಕ್ಕೆ ಸರಿದರೆ ಅಕ್ಷ ತಗ್ಗಿದೆ, ಉತ್ತರಕ್ಕೆ ಸರಿದರೆ ಎತ್ತರವಾಗಿದೆ. ಪಶ್ಚಿಮದ ನಕ್ಷತ್ರ ಹಿಡಿದರೆ ಇದು ತಿರುಗುಮುರುಗು. ಎರಡು ನಿಮಿಷದ ಗೆರೆ ಎಷ್ಟು ಸೂಕ್ಷ್ಮ ಎಂಬ ಅಳತೆಯೂ ಗೊತ್ತಿರಲಿ: 10 ಆರ್ಕ್‌ಮಿನಿಟ್ ತಪ್ಪಿದ್ದರೆ 400 ಮಿ.ಮೀ. ಟೆಲಿಸ್ಕೋಪಿನಲ್ಲಿ ಕತ್ತರಿಯ ಬಾಯಿ ಮೂರು ಪಿಕ್ಸೆಲ್ಲಿಗೂ ಕಡಿಮೆ ತೆರೆಯುತ್ತದೆ. ಆದ್ದರಿಂದ ಮೊದಲ ಸುತ್ತು ಎರಡು ನಿಮಿಷ, ಗೆರೆ ಕೂಡಿಕೊಂಡ ಮೇಲೆ ಎರಡನೇ ಸುತ್ತು ಪಶ್ಚಿಮಕ್ಕೆ ಐದು, ಪೂರ್ವಕ್ಕೆ ಐದು ನಿಮಿಷ.

ಯಾವ ವಿಧಾನದಲ್ಲಿ ಮಾಡಿದರೂ, ಎಲ್ಲ ಬಿಚ್ಚಿಡುವ ಮೊದಲು ಟ್ರೈಪಾಡಿನ ಮೂರೂ ಪಾದಗಳ ಸುತ್ತ ತಾರಸಿಯ ಮೇಲೆ ಪೇಂಟಿನಿಂದ ಗುರುತು ಹಾಕಿ. ಯಾವ ಕಾಲು ಯಾವ ಗುರುತಿಗೆ ಎಂದು ಒಂದು, ಎರಡು, ಮೂರು ಬರೆಯಿರಿ, ಕಾಲಿನ ಮೇಲೂ ಅದೇ ಅಂಕಿ ಬರೆಯಿರಿ. ಕಾಲುಗಳನ್ನು ಎಷ್ಟು ಎಳೆದಿದ್ದೀರೋ ಅಲ್ಲಿಗೆ ಟೇಪು ಸುತ್ತಿ. ಎತ್ತರದ ಬೋಲ್ಟನ್ನು ಮುಟ್ಟದೆ ಒಳಗಿಡಿ. ಮುಂದಿನ ರಾತ್ರಿ ಮೊದಲ ಅಳತೆಯೇ ಅರ್ಧ ಡಿಗ್ರಿ ಆಸುಪಾಸಿನಲ್ಲಿ ಬರುತ್ತದೆ, ಉಳಿದದ್ದು ಹತ್ತು ನಿಮಿಷದ ಕೆಲಸ.